ಕಲ್ಲು ಹತ್ತುವ ಜೀಪಿಗೆ ಗಂಡಿ ಬೇಡ, ಗಣಿ ಕೊಡಿ

ಸಂಡೂರಿನ ಕಣಿವೆಯನ್ನು ಎರಡು ಬದಿಯಿಂದ ಕಾಯುತ್ತಿರುವ ಗುಡ್ಡಸಾಲುಗಳನ್ನು ನಾರಿಹಳ್ಳ ಎರಡು ಕಡೆ ಸೀಳಿಕೊಂಡು ಹರಿದಿದೆ. ಹಳ್ಳ ಒಳಗೆ ಬರುವ ಪಡುವಣ ಸೀಳು ಓಬಳಗಂಡಿ. ಹೊರಗೆ ಹೋಗುವ ಮೂಡಣ ಸೀಳು ಭೀಮಗಂಡಿ. ಓಬಳಗಂಡಿಯ ತಳದ ಅಗಲ ಬರೀ 15 ಗಜ, ಅಕ್ಕಪಕ್ಕದಲ್ಲಿ ಎದ್ದ ಗೋಡೆಗಳ ಎತ್ತರ 180 ಅಡಿ ಎಂದು ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್ ಬರೆದಿಟ್ಟಿದೆ. ಕಡುಗೆಂಪು, ನೇರಳೆ ಬಣ್ಣದ ಆ ಕಬ್ಬಿಣಗಲ್ಲಿನ ಗೋಡೆಗಳಿಂದ ಕಳಚಿದ ಬಂಡೆಗಳು ಹಳ್ಳದ ಪಾತ್ರದಲ್ಲಿ ಅಡ್ಡಾದಿಡ್ಡಿ ಬಿದ್ದುಕೊಂಡಿವೆ. ನಡೆದು ಹೋಗುವವರಿಗೆ ಇದು ಮಳೆಗಾಲದ ಚೆಲುವು. ಮನೆಯ ಮುಂದೆ ಫೋರ್ ಬೈ ಫೋರ್ ಗಾಡಿ ನಿಲ್ಲಿಸಿಕೊಂಡವರ ಕಣ್ಣಿಗೆ ಅದೇ ನೋಟ ಬೇರೆಯಾಗುತ್ತದೆ. ಮೊಣಕಾಲೆತ್ತರದ ಮೆಟ್ಟಿಲು, ಗಾಲಿ ಕಚ್ಚಿಕೊಳ್ಳುವ ಸಂದು, ಓರೆಯಾಗಿ ನಿಂತ ಹಾಸುಗಲ್ಲು, ಪಕ್ಕದಲ್ಲೇ ನೀರು: ಜೀಪಿನಲ್ಲಿ ಕಲ್ಲು ಹತ್ತುವ ಆಟಕ್ಕೆ ದೇವರೇ ಹಾಸಿಕೊಟ್ಟ ದಾರಿ.

ಅಂಥ ಕಣ್ಣುಗಳು ಈಗ ಹೆಚ್ಚಾಗಿವೆ. ಒಂದು ಕಾಲಕ್ಕೆ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಗಾಡಿ ಇದ್ದದ್ದು ಕಾಫಿ ತೋಟದ ಧಣಿಗಳ ಹತ್ತಿರ, ಅರಣ್ಯ ಇಲಾಖೆಯ ಹತ್ತಿರ, ಸೇನೆ ಹರಾಜಿಗಿಟ್ಟ ಹಳೆಯ ಜೀಪು ಕೊಂಡವರ ಹತ್ತಿರ. 2020ರಲ್ಲಿ ಮಹೀಂದ್ರ ಥಾರ್‌ನ ಹೊಸ ಅವತಾರ ಬಂತು, 2023ರಲ್ಲಿ ಮಾರುತಿ ಜಿಮ್ನಿ ಬಂತು, ಫೋರ್ಸ್ ಗೂರ್ಖಾ ಮೊದಲೇ ಇತ್ತು. ಕಂತು ಕಟ್ಟಬಲ್ಲ ಯಾವ ಸಾಫ್ಟ್‌ವೇರ್ ಉದ್ಯೋಗಿಯೂ ಇವತ್ತು ಅಂಥ ಗಾಡಿಯಲ್ಲಿ ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗ್ಗೆ ಹೊಸಪೇಟೆಯಲ್ಲಿ ಇಡ್ಲಿ ತಿನ್ನಬಹುದು. ಗಾಡಿ ಬಂದ ಮೇಲೆ ಅದನ್ನು ಎಲ್ಲಿ ಓಡಿಸುವುದು ಎಂಬ ಪ್ರಶ್ನೆ ಬಂದೇ ಬರುತ್ತದೆ. ಈ ಪ್ರಶ್ನೆಗೆ ನಮ್ಮಲ್ಲಿ ಎರಡೇ ಉತ್ತರ ಕೇಳಿಬರುತ್ತವೆ. ಒಂದು ‘ಎಲ್ಲಿ ಬೇಕಾದರೂ’, ಇನ್ನೊಂದು ‘ಎಲ್ಲೂ ಬೇಡ’. ಎರಡೂ ತಪ್ಪು ಎಂಬುದು ಈ ಲೇಖನದ ವಾದ. ಕಲ್ಲು ಹತ್ತುವ ಚಾಲನೆ ನಿಜವಾದ ಕುಶಲತೆ, ಅದಕ್ಕೊಂದು ಜಾಗ ಸಲ್ಲಬೇಕು. ಆ ಜಾಗ ನಾರಿಹಳ್ಳದ ಗಂಡಿಯೂ ಅಲ್ಲ, ಹಂಪಿಯ ಬಂಡೆಗುಡ್ಡವೂ ಅಲ್ಲ. ಅದೇ ಸಂಡೂರಿನಲ್ಲಿ ಅದಿರು ತೆಗೆದು ಮುಗಿಸಿ ಬಿಟ್ಟುಹೋದ ಗಣಿಗುಂಡಿಗಳಿವೆಯಲ್ಲ, ಅಲ್ಲಿ.

ಕುಶಲತೆ ಎಂದದ್ದು ಸುಮ್ಮನೆ ಮರ್ಯಾದೆಗಲ್ಲ. ಜೀಪು ಎಂದ ಕೂಡಲೇ ಕೆಸರು ಹಾರಿಸುತ್ತ ನುಗ್ಗುವ ಜಾಹೀರಾತು ನೆನಪಾಗುತ್ತದೆ. ಕಲ್ಲಿನ ಮೇಲಿನ ಚಾಲನೆ ಅದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ವೇಗವೇ ಶತ್ರು. ಗಾಡಿಯ ಮೊದಲ ಗೇರಿನ ಅನುಪಾತ 4, ಚಾಲಕರು ‘ಫೋರ್ ಲೋ’ ಎನ್ನುವ ಸಣ್ಣ ಗೇರಿನ ಪೆಟ್ಟಿಗೆಯದು 2.5, ಆಕ್ಸಲ್ಲಿನ ಹಲ್ಲುಚಕ್ರದ್ದು ಮತ್ತೆ 4 ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ 40. ಎಂದರೆ ಎಂಜಿನ್ 40 ಸುತ್ತು ಸುತ್ತಿದಾಗ ಗಾಲಿ ಒಂದು ಸುತ್ತು. ನಿಮಿಷಕ್ಕೆ 800 ಸುತ್ತಿನಂತೆ ಎಂಜಿನ್ ಸುಮ್ಮನೆ ಗುರುಗುಡುತ್ತಿದ್ದರೆ ಗಾಲಿ ನಿಮಿಷಕ್ಕೆ 20 ಸಲ ತಿರುಗಿ ಗಾಡಿ ಗಂಟೆಗೆ 3 ಕಿ.ಮೀ.ಗೂ ಕಡಿಮೆ ವೇಗದಲ್ಲಿ ತೆವಳುತ್ತದೆ. ಪಕ್ಕದಲ್ಲಿ ನಡೆದುಕೊಂಡು ಹೋಗುವವರೇ ಮುಂದಾಗುತ್ತಾರೆ. ವೇಗವನ್ನು ಮಾರಿಕೊಂಡು ತಿರುಗುಬಲ ಕೊಳ್ಳುವ ಈ ವ್ಯಾಪಾರದಲ್ಲಿಯೇ ಆಟದ ಮರ್ಮವೆಲ್ಲ ಇದೆ. ಟೈರಿನ ಗಾಳಿಯನ್ನು 30 ಪಿಎಸ್‌ಐನಿಂದ 18ಕ್ಕೋ ಇನ್ನೂ ಕೆಳಕ್ಕೋ ಇಳಿಸಿದರೆ ರಬ್ಬರು ಮೆತ್ತಗಾಗಿ ಕಲ್ಲಿನ ಅಂಚನ್ನು ತಬ್ಬುತ್ತದೆ. ಒಂದು ಗಾಲಿ ಅಂತರದಲ್ಲಿ ನಿಂತಾಗ ಸಾಮಾನ್ಯ ಡಿಫರೆನ್ಷಿಯಲ್ ಬಲವನ್ನೆಲ್ಲ ಆ ಅನಾಥ ಗಾಲಿಯಲ್ಲೇ ಪೋಲು ಮಾಡುತ್ತದೆ. ಎರಡೂ ಗಾಲಿಯನ್ನು ಒಂದೇ ಸಮ ತಿರುಗಿಸುವ ಲಾಕರ್ ಬೇಕಾಗುವುದು ಅದಕ್ಕೇ. ಗಾಡಿಯ ಮೂತಿ ಮೊದಲು ಕಲ್ಲಿಗೆ ತಾಗುತ್ತದೋ ಗಾಲಿ ತಾಗುತ್ತದೋ, ಹಿಂಬದಿ ಇಳಿಯುವಾಗ ಉಜ್ಜುತ್ತದೋ, ನಡುಹೊಟ್ಟೆ ದಿಬ್ಬದ ಮೇಲೆ ಕೂತುಬಿಡುತ್ತದೋ ಎಂಬ ಮೂರು ಕೋನಗಳ ಲೆಕ್ಕ ಚಾಲಕನ ತಲೆಯಲ್ಲಿ ಓಡುತ್ತಲೇ ಇರಬೇಕು.

ಇಷ್ಟಾದರೂ ಚಾಲಕನಿಗೆ ತನ್ನ ಗಾಲಿ ಕಾಣುವುದಿಲ್ಲ. ಕೆಳಗೆ ನಿಂತು ಕೈಸನ್ನೆಯಲ್ಲಿ ‘ಬರ್ಲಿ, ಬರ್ಲಿ, ಎಡಕ್ಕೆ ಕಟ್ ಮಾಡು, ಹೌಸಿಂಗ್ ತಾಗ್ತದ, ನಿಲ್ಸು’ ಎನ್ನುವವನು ಬೇಕು. ಪಾಶ್ಚಾತ್ಯ ಕೈಪಿಡಿಗಳು ಈ ಮನುಷ್ಯನ ಬಗ್ಗೆ ಅಧ್ಯಾಯಗಟ್ಟಲೆ ಬರೆಯುತ್ತವೆ; ಸಂಡೂರು, ಹೊಸಪೇಟೆಯ ಜನಕ್ಕೆ ಅವನು ಲಾರಿ ಕ್ಲೀನರ್. ಅದಿರು ತುಂಬಿದ ಟಿಪ್ಪರನ್ನು ಗಣಿದಾರಿಯ ತಿರುವಿನಲ್ಲಿ ಇಳಿಸುವಾಗ ಹಿಂಗಾಲಿಗೆ ಕಲ್ಲು ಕೊಟ್ಟು, ಬಾಗಿಲು ತಟ್ಟಿ ದಾರಿ ಹೇಳುತ್ತ ಬಂದವನು. ಈ ವಿದ್ಯೆ ನಮ್ಮ ಸೀಮೆಗೆ ಹೊರಗಿನಿಂದ ಬರಬೇಕಾದದ್ದಲ್ಲ. ಹೆಸರು ಮತ್ತು ಬೆಲೆ ಮಾತ್ರ ಹೊರಗಿನಿಂದ ಬಂದಿವೆ.

ಇಲ್ಲಿಂದಲೇ ಮೊದಲ ಆಕ್ಷೇಪ ಏಳುತ್ತದೆ. ಇಷ್ಟು ನಿಧಾನವಾಗಿ, ಇಷ್ಟು ಹುಷಾರಾಗಿ ಹೋಗುವ ಗಾಡಿಯಿಂದ ಗಂಡಿಗೆ ಏನು ಕೇಡು? ಕಲ್ಲು ಕಲ್ಲೇ ತಾನೆ, ಅದೇನು ಸವೆದುಹೋಗುತ್ತದೆಯೇ? ಉತ್ತರಕ್ಕೆ ಈ ಆಟದ ಕಾಶಿ ಎನ್ನಿಸಿಕೊಂಡ ಕ್ಯಾಲಿಫೋರ್ನಿಯಾದ ರೂಬಿಕಾನ್ ದಾರಿಯನ್ನು ನೋಡಬಹುದು. ಸಿಯೆರಾ ನೆವಾಡ ಬೆಟ್ಟದ ಗ್ರಾನೈಟಿನ ಮೇಲೆ ಸುಮಾರು 35 ಕಿ.ಮೀ. ಸಾಗುವ ಅದು 1887ರಿಂದಲೂ ಸಾರ್ವಜನಿಕ ರಸ್ತೆ. ಜೀಪುಗಳ ಮೊದಲ ಜಾತ್ರೆ ಅಲ್ಲಿ ಸೇರಿದ್ದು 1953ರಲ್ಲಿ. ಕಲ್ಲು ಅಲ್ಲಿಯೂ ಗಟ್ಟಿಯೇ. ಆದರೂ 2009ರಲ್ಲಿ ಅಲ್ಲಿನ ಪ್ರಾದೇಶಿಕ ನೀರಿನ ಗುಣಮಟ್ಟ ಮಂಡಳಿ ದಾರಿಯ ಹೊಣೆ ಹೊತ್ತ ಎಲ್ ಡೊರಾಡೊ ಕೌಂಟಿಗೂ ಅರಣ್ಯ ಸೇವೆಗೂ ಶುಚಿಗೊಳಿಸುವ ಆದೇಶ ಕೊಡಬೇಕಾಯಿತು. ಕಾರಣ ಕಲ್ಲಿನ ಸವೆತವಲ್ಲ. ಬಂಡೆಗಳ ನಡುವಿನ ಮಣ್ಣು ತೊಳೆದು ತೊರೆಗೆ ಸೇರುತ್ತಿತ್ತು. ಕಲ್ಲಿಗೆ ತಾಗಿ ಒಡೆದ ತಳದಿಂದ ಎಣ್ಣೆ ಸೋರುತ್ತಿತ್ತು. ಶೌಚಾಲಯವಿಲ್ಲದ ಜಾಗದಲ್ಲಿ ಸಾವಿರಾರು ಜನರ ಮಲ ನೀರಿಗೆ ಇಳಿಯುತ್ತಿತ್ತು. ರೂಬಿಕಾನ್ ಮುಚ್ಚಲಿಲ್ಲ ನಿಜ. ಚಾಲಕರ ಸಂಘಗಳೇ ನಿಂತು ದಾರಿ ರಿಪೇರಿ ಮಾಡಿದವು, ಶೌಚಾಲಯ ಬಂತು, ಸೋರಿದ ಎಣ್ಣೆ ಹೀರುವ ಚೀಲಗಳು ಬಂದವು. ಆದರೆ ಅಷ್ಟೆಲ್ಲ ಹಣ, ಸಿಬ್ಬಂದಿ, ಸಂಘಬಲ ಇರುವ ದೇಶದಲ್ಲಿ ಅಷ್ಟಗಲದ ಬೆಟ್ಟದಲ್ಲಿ ಆದ ಪಾಡು 15 ಗಜದ ಗಂಡಿಯಲ್ಲಿ ಏನಾದೀತು?

ಗಂಡಿಯಲ್ಲಿ ದಾರಿ ಎಂದರೆ ಹಳ್ಳವೇ. ಬದಿಗೆ ಸರಿದು ಹೋಗಲು ಜಾಗವಿಲ್ಲ. ಗಾಲಿ ಏರಲಾರದ ಕಡೆ ಚಾಲಕ ಮಾಡುವ ಮೊದಲ ಕೆಲಸ ಸುತ್ತಲಿನ ಕಲ್ಲು ಹೊತ್ತು ತಂದು ಮೆಟ್ಟಿಲಿಗೆ ತುಂಬುವುದು. ನಾಲ್ಕು ಗಾಡಿ ದಾಟುವಷ್ಟರಲ್ಲಿ ಹಳ್ಳದಲ್ಲಿ ಸಣ್ಣದೊಂದು ಒಡ್ಡು ಎದ್ದಿರುತ್ತದೆ. ನೀರು ಪಕ್ಕದ ದಂಡೆ ಕೊರೆಯತೊಡಗುತ್ತದೆ. ಇನ್ನು ಕಲ್ಲಿನ ಗುಣ. ಸಂಡೂರಿನದು ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಕೂತ ಶಿಲೆ, ಸುಮಾರು 270 ಕೋಟಿ ವರ್ಷ ಹಳೆಯದು. ಹಂಪಿಯ ಗ್ರಾನೈಟಿನ ಹಾಗೆ ಅದು ಉರುಟಾಗಿ ಸವೆಯುವುದಿಲ್ಲ, ಹಲಗೆ ಹಲಗೆಯಾಗಿ ಚೂಪು ಅಂಚು ಬಿಟ್ಟು ಸೀಳುತ್ತದೆ. ಗಾಳಿ ಇಳಿಸಿದ ಟೈರಿನ ಪಕ್ಕವನ್ನು ಸೀಳುವುದಕ್ಕೆ ಇಂಥ ಒಂದು ಅಂಚು ಸಾಕು. ಒಣಗಿದ ಗ್ರಾನೈಟಿನ ಒರಟು ಮೈ ರಬ್ಬರಿಗೆ ಹಿಡಿತ ಕೊಡುತ್ತದೆ. ಅದಿರುಧೂಳು ಕಲಸಿದ ಕೆಂಪು ರಾಡಿ ಮೆತ್ತಿದ ಕಬ್ಬಿಣಗಲ್ಲು ಕೊಡುವುದಿಲ್ಲ. ಮೇಲಾಗಿ ನಾರಿಹಳ್ಳ ಗಂಡಿ ದಾಟಿದ ಮೇಲೆ ಮಾಯವಾಗುವ ನೀರಲ್ಲ. ತಾರಾನಗರದ ಬಳಿ ಅದಕ್ಕೊಂದು ಜಲಾಶಯವಿದೆ. ಮುಂದೆ ಅದೇ ಹಳ್ಳ ದರೋಜಿಯ ದೊಡ್ಡ ಕೆರೆಯನ್ನು ತುಂಬಿಸುತ್ತದೆ. ಸಂಡೂರಿನ ಗುಡ್ಡದಲ್ಲಿ ಚೆಲ್ಲಿದ್ದು ಕೊನೆಗೆ ಕಂಪ್ಲಿ ಕಡೆಯ ಬಯಲಿನ ರೈತನ ಬಾಗಿಲಿಗೆ ಬರುತ್ತದೆ. ಗಣಿಯ ಹೂಳಿನಲ್ಲಿ ಈ ಪಾಠವನ್ನು ಈ ಸೀಮೆ ಆಗಲೇ ಕಲಿತಿದೆ.

‘ಗಂಡಿ ಬೇಡವಾದರೆ ಹಂಪಿಯ ಬಂಡೆಗಳಿವೆಯಲ್ಲ, ಹೊಸಪೇಟೆಯಿಂದ ಕಂಪ್ಲಿವರೆಗೂ ಬರೀ ಕಲ್ಲೇ’ ಎನ್ನುವವರಿದ್ದಾರೆ. ಈ ಕಲ್ಲಿಗೆ ಒಂದು ಇತಿಹಾಸವಿದೆ, ತಮಾಷೆಯದೂ ಹೌದು. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, ಕೋಟೆಯ ಹೊರಗೆ 50 ಗಜದ ಪಟ್ಟಿಯಲ್ಲಿ ಆಳೆತ್ತರದ ಕಲ್ಲುಗಳನ್ನು ಅರ್ಧ ಹೂತು ಒತ್ತೊತ್ತಾಗಿ ನಿಲ್ಲಿಸಿದ್ದನ್ನು ಬರೆದಿದ್ದಾನೆ. ಶತ್ರುವಿನ ಕುದುರೆ ಸುಲಭವಾಗಿ ನುಗ್ಗಬಾರದು ಎಂಬುದು ಉದ್ದೇಶ. ಆ ಮಾದರಿಯ ಕುದುರೆಗಲ್ಲುಗಳು ಆನೆಗೊಂದಿಯ ಕಡೆ ಈಗಲೂ ಕಾಣಸಿಗುತ್ತವೆ. ವಿಜಯನಗರದ ಶಿಲ್ಪಿಗಳು ಬಂಡೆಯನ್ನೇ ಗೋಡೆ ಮಾಡಿಕೊಂಡರು, ಎರಡು ಬಂಡೆಯ ಸಂದಿಯನ್ನೇ ಬಾಗಿಲು ಮಾಡಿದರು. ವೇಗವಾಗಿ ಬರುವವರನ್ನು ನಿಧಾನಿಸುವುದೇ ಆ ಊರಿನ ವಾಸ್ತುವಿನ ಒಂದು ತತ್ವವಾಗಿತ್ತು. ಇವತ್ತು ಅಶ್ವಶಕ್ತಿಯ ಲೆಕ್ಕದಲ್ಲಿ ಬರುವವರು ಅದೇ ಅಡೆತಡೆಯನ್ನು ಹುಡುಕಿಕೊಂಡು ಬರುತ್ತಿದ್ದಾರೆ! ಆದರೆ ಇಲ್ಲಿ ಯಾವ ಕಲ್ಲು ಬರೀ ಕಲ್ಲು, ಯಾವುದು ಬೆಣೆ ಹೊಡೆದು ಸೀಳಿದ ಗುರುತು ಇರುವ ಕಲ್ಲು, ಯಾವುದರ ಕೆಳಗೆ ಹಳೆಯ ಕಾಲುವೆ ಹಾಯುತ್ತದೆ ಎಂದು ಜೀಪಿನ ಸೀಟಿನಲ್ಲಿ ಕೂತು ಹೇಳಲಾಗುವುದಿಲ್ಲ. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಹಂಪಿಯನ್ನು ಯುನೆಸ್ಕೊ 1999ರಲ್ಲಿ ‘ಅಪಾಯದಲ್ಲಿರುವ’ ತಾಣವೆಂದು ಘೋಷಿಸಿತು, 2006ರವರೆಗೂ ಹಾಗೆಯೇ ಇಟ್ಟಿತು. ಮುಖ್ಯ ಕಾರಣ ಎರಡು ಸೇತುವೆಗಳು, ಅವು ತರಲಿದ್ದ ವಾಹನ ಸಂಚಾರವೂ ಸೇರಿ. ಆ ಸೇತುವೆಗಳಲ್ಲಿ ಆನೆಗೊಂದಿಯದು 2009ರಲ್ಲಿ ಕಟ್ಟುತ್ತಿರುವಾಗಲೇ ಕುಸಿದುಬಿತ್ತು. ಇಲ್ಲಿನ ನೆಲ ಗಾಡಿಗಳ ಬಗ್ಗೆ ಎಷ್ಟು ನಾಜೂಕು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪರಂಪರೆಯ ಗಡಿಯಾಚೆಯ ಬಂಡೆಗುಡ್ಡಗಳೂ ಖಾಲಿ ಅಲ್ಲ. ಬಿಳಿಕಲ್ಲು ಅರಣ್ಯದಲ್ಲಿ 1994ರಲ್ಲಿ ದರೋಜಿ ಕರಡಿಧಾಮ ಆದದ್ದೇ ಈ ಬಂಡೆಗಳ ದೆಸೆಯಿಂದ. ಕರಡಿ ಹಗಲೆಲ್ಲ ಬಂಡೆಯ ಸಂದಿನ ತಂಪಿನಲ್ಲಿ ಮಲಗಿ ಸಂಜೆ ಇಳಿದು ಬರುತ್ತದೆ. ಜಗತ್ತಿನಲ್ಲಿ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳಲ್ಲಿ ಮಾತ್ರ ಬದುಕುವ ಹಳದಿ ಕತ್ತಿನ ಪಿಕಳಾರಕ್ಕೂ ಇದೇ ಮನೆ. ಗಾಲಿಗೆ ‘ಅಡಚಣೆ’ ಎನ್ನಿಸುವ ಪ್ರತಿ ಸಂದೂ ಯಾರದೋ ಬಿಲ, ಗೂಡು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ, ಅದನ್ನು ಹಗುರಾಗಿ ತಳ್ಳಿಹಾಕಬಾರದು. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರ ವರದಿ, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದು, 2013ರಲ್ಲಿ ಅತಿ ಹೆಚ್ಚು ಅಕ್ರಮ ನಡೆಸಿದ ‘ಸಿ’ ವರ್ಗದ 49 ಗುತ್ತಿಗೆಗಳನ್ನು ರದ್ದು ಮಾಡಿದ್ದು ಎಲ್ಲರಿಗೂ ಗೊತ್ತು. ಈಚೆಗೆ 2024ರಲ್ಲಿ ದೇವದಾರಿ ಗುಡ್ಡದ 400ಕ್ಕೂ ಹೆಚ್ಚು ಹೆಕ್ಟೇರ್ ಅರಣ್ಯದಲ್ಲಿ ಗಣಿಗಾರಿಕೆ ನಡೆಸಲು ಸಾರ್ವಜನಿಕ ವಲಯದ ಕಂಪನಿಯೇ ಮುಂದಾದಾಗ ಕಡಿಯಬೇಕಾದ ಮರಗಳ ಸಂಖ್ಯೆ ಲಕ್ಷದ ಹತ್ತಿರ ಎಂಬ ಸುದ್ದಿ ಬಂತು. ಜಾಗ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಗುಡ್ಡಕ್ಕೆ ಗುಡ್ಡವೇ ಲಾರಿಯಲ್ಲಿ ಬಂದರು ಸೇರಿದ ಊರಿನಲ್ಲಿ ನಾಲ್ಕು ಜೀಪಿಗೆ ಬೇಲಿ ಹಾಕುವುದು ನ್ಯಾಯವೇ? ಈ ಮಾತಿನ ಸಿಟ್ಟು ಅರ್ಥವಾಗುತ್ತದೆ, ಅದರ ತರ್ಕ ಮಾತ್ರ ಅರ್ಥವಾಗುವುದಿಲ್ಲ. ದೊಡ್ಡ ಕೇಡು ಆಗಿದೆ ಎನ್ನುವುದು ಉಳಿದ ಚೂರನ್ನು ಇನ್ನಷ್ಟು ಜೋಪಾನ ಮಾಡುವುದಕ್ಕೆ ಕಾರಣವಾದೀತೇ ಹೊರತು ಕೈಬಿಡುವುದಕ್ಕಲ್ಲ. ಅದಿರಿಗೆ ಕನಿಷ್ಠ ಗುತ್ತಿಗೆ, ರಾಯಧನ, ನ್ಯಾಯಾಲಯದ ಕಣ್ಣು ಇವೆ. ಭಾನುವಾರದ ಜೀಪಿಗೆ ಅದಾವುದೂ ಇಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು ಗಣಿಯವನಿಗೆ ಹೇಗೆ ಅಪರಾಧವೋ ಥಾರ್‌ನವನಿಗೂ ಹಾಗೆಯೇ ಅಪರಾಧ.

ಸ್ಥಳೀಯರಿಗೆ ದುಡಿಮೆ ಸಿಗುತ್ತದಲ್ಲ ಎಂಬುದು ಮೂರನೆಯದು. ಸಿಗುತ್ತದೆ. ಕೊಡಚಾದ್ರಿಯಲ್ಲಿ, ಕೊಡಗಿನ ಮಾಂದಲಪಟ್ಟಿಯಲ್ಲಿ ಕಲ್ಲುಕೊರಕಲಿನ ದಾರಿಯ ಮೇಲೆ ಬಾಡಿಗೆ ಜೀಪುಗಳು ಎಷ್ಟೋ ಮನೆ ನಡೆಸುತ್ತಿವೆ, ಆ ಚಾಲಕರ ಕೈಚಳಕಕ್ಕೆ ಯಾರಾದರೂ ತಲೆದೂಗಬೇಕು. ಆದರೆ ಅಲ್ಲಿ ಕಾಣುವುದು ಇನ್ನೊಂದು ಸಂಗತಿಯೂ ಹೌದು: ಒಮ್ಮೆ ದಾರಿ ತೆರೆದರೆ ಅದು ಆಟವಾಗಿ ಉಳಿಯುವುದಿಲ್ಲ, ತಲೆಗಿಷ್ಟು ಎಂಬ ಸಾಗಣೆಯಾಗುತ್ತದೆ. ಮಳೆಗಾಲದ ವಾರಾಂತ್ಯದಲ್ಲಿ ಜೀಪಿನ ಹಿಂದೆ ಜೀಪು ಸಾಲುಗಟ್ಟುತ್ತದೆ, ಕೊರಕಲು ಪ್ರತಿ ವರ್ಷ ಆಳವಾಗುತ್ತದೆ. ಬೆಟ್ಟದ ತುದಿಗೆ ಹೋಗಲು ಅಲ್ಲಿ ಒಂದು ಉದ್ದೇಶವಾದರೂ ಇದೆ. ಓಬಳಗಂಡಿಯಲ್ಲಿ ಜೀಪು ತಲುಪಬೇಕಾದ ಜಾಗವೇ ಇಲ್ಲ, ಗಂಡಿಯೇ ಗುರಿ. ನೋಡಬಂದ ಜಾಗವನ್ನೇ ತುಳಿದು ಮುಗಿಸುವ ಪ್ರವಾಸದಿಂದ ಎಷ್ಟು ದಿನ ಬಾಡಿಗೆ ಹುಟ್ಟೀತು?

ಇನ್ನು ನನ್ನ ಪರ್ಯಾಯ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಲ್ಲಿದ್ದಲು ತೋಡಿ ಹಾಳುಗೆಡವಿದ ಸುಮಾರು 6,500 ಎಕರೆ ನೆಲವನ್ನು ಅಲ್ಲಿನ ಕೌಂಟಿ ಆಡಳಿತವೇ 2014ರಲ್ಲಿ ಇಂಥ ಗಾಡಿಗಳ ಉದ್ಯಾನವಾಗಿ ತೆರೆಯಿತು. ಆಂತ್ರಸೈಟ್ ಔಟ್‌ಡೋರ್ ಅಡ್ವೆಂಚರ್ ಏರಿಯಾ ಎಂದು ಅದರ ಹೆಸರು. ಕಲ್ಲಿದ್ದಲು ಮುಗಿದ ಮೇಲೆ ಬಡವಾದ ಸೀಮೆ ಅದು. ಸಂಡೂರಿನಲ್ಲಿ ಇದಕ್ಕೆ ಬೇಕಾದ ಚೌಕಟ್ಟು ಅರ್ಧ ಸಿದ್ಧವಿದೆ. ಗಣಿನಿಷೇಧದ ನಂತರ ನ್ಯಾಯಾಲಯದ ಸೂಚನೆಯಂತೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ತಯಾರಾಯಿತು, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತು ಅದನ್ನು ಮಾಡಿಕೊಟ್ಟಿತು: ಎಲ್ಲಿ ತಡೆಗೋಡೆ, ಎಲ್ಲಿ ಚರಂಡಿ, ಎಲ್ಲಿ ಗಿಡ. ಅದಿರು ಬರಿದಾದ ಗುಂಡಿಯ ಮೆಟ್ಟಿಲುಸಾಲು, ಬಂಡೆರಾಶಿ, ಹಳೆಯ ಲಾರಿದಾರಿ ಇವೆಲ್ಲ ಗಾಲಿಗೆ ಬೇಕಾದ ಕಷ್ಟವನ್ನು ಧಾರಾಳವಾಗಿ ಕೊಡುತ್ತವೆ. ಅಲ್ಲಿನ ಮೇಲ್ಮಣ್ಣು ಹೋಗಿ ಎಷ್ಟೋ ವರ್ಷವಾಗಿದೆ. ನೀರು ಎತ್ತ ಹರಿಯಬೇಕು ಎಂಬುದನ್ನು ಎಂಜಿನಿಯರು ನಿರ್ಧರಿಸಬಹುದು, ಹೂಳು ಎಣ್ಣೆ ನಿಲ್ಲುವ ತೊಟ್ಟಿ ಕಟ್ಟಬಹುದು. ಗಂಡಿಯಲ್ಲಿ ಇದ್ಯಾವುದೂ ಸಾಧ್ಯವಿಲ್ಲ. ಹೊಸಪೇಟೆ ಸುತ್ತ ಕೆಲಸ ನಿಂತ ಕಲ್ಲು ಕ್ವಾರಿಗಳಾದರೆ ಗ್ರಾನೈಟಿನ ಹಿಡಿತವೂ ದಕ್ಕುತ್ತದೆ, ಪರಂಪರೆಯ ಗಡಿಯಿಂದ ದೂರವಿದ್ದರೆ.

ಇದಕ್ಕೂ ಆಕ್ಷೇಪಗಳಿವೆ. ಗಣಿಗುಂಡಿ ಅಪಾಯಕಾರಿ ಎನ್ನುವುದು ಸರಿಯಾದ ಮಾತು. ಸಡಿಲ ಮಣ್ಣಿನ ರಾಶಿ ಮಳೆಗೆ ಜಾರುತ್ತದೆ, ನೀರು ನಿಂತ ಗುಂಡಿಯ ಆಳ ಕಾಣುವುದಿಲ್ಲ, ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದ್ದರಿಂದಲೇ ಎಲ್ಲ ಗುಂಡಿಯೂ ಬೇಡ, ಇಳಿಜಾರು ಭದ್ರವೆಂದು ಭೂವಿಜ್ಞಾನಿಗಳು ಬರೆದುಕೊಟ್ಟ ಒಂದೋ ಎರಡೋ ಸಾಕು. ಕೆಲಸ ನಡೆಯುತ್ತಿರುವ ಗಣಿಯ ಹತ್ತಿರಕ್ಕಂತೂ ಬೇಡ. ರದ್ದಾದ ಗುತ್ತಿಗೆಗಳು ಮತ್ತೆ ಹರಾಜಾಗುತ್ತವಲ್ಲ ಎಂದರೆ, ಅದಿರು ಉಳಿದಿರುವುದು ಹರಾಜಾಗಲಿ, ಇಲ್ಲಿ ಕೇಳುತ್ತಿರುವುದು ಬರಿದಾದದ್ದು. ‘ಡೈನಮೈಟು ಮಾಡಿದ ಮೆಟ್ಟಿಲಲ್ಲಿ ಆಡುವುದರಲ್ಲಿ ಏನು ಸುಖ, ನಿಸರ್ಗ ಬೇಕು’ ಎನ್ನುವ ಚಾಲಕರಿಗೆ ಒಂದು ವಿಷಯ ನೆನಪಿಸಬೇಕು. ಈ ಆಟದ ಸ್ಪರ್ಧೆಗಳು ನಡೆಯುವುದೇ ಗುರುತು ಹಾಕಿ ಸಜ್ಜು ಮಾಡಿದ ಅಂಕಣಗಳಲ್ಲಿ. ಗಾಡಿ ಹಿಂದಕ್ಕೆ ಸರಿದರೆ, ಗುರುತಿನ ಕೋನ್ ತಾಗಿದರೆ ದಂಡದ ಅಂಕ. ಕೈಚಳಕ ಅಳೆಯುವುದಕ್ಕೆ ಜಲಪಾತದ ಹಿನ್ನೆಲೆ ಬೇಕಿಲ್ಲ, ವಿಡಿಯೊಕ್ಕೆ ಬೇಕಾದೀತು.

ಹಣವಂತರ ಆಟಕ್ಕೆ ಸರ್ಕಾರ ಯಾಕೆ ತಲೆಕೆಡಿಸಿಕೊಳ್ಳಬೇಕು ಎನ್ನುವುದು ಕೊನೆಯದು, ಗಣಿಬಾಧಿತ ಹಳ್ಳಿಗಳಿಂದ ಬರುವುದಾದರೆ ಅತ್ಯಂತ ನ್ಯಾಯವಾದದ್ದು. ಗಣಿ ಪರಿಸರ ಪುನಶ್ಚೇತನ ನಿಗಮ 2014ರಲ್ಲಿ ಹುಟ್ಟಿದ್ದು ಕುಡಿಯುವ ನೀರು, ಆಸ್ಪತ್ರೆ, ಶಾಲೆಯಂಥ ಬಾಕಿ ತೀರಿಸುವುದಕ್ಕೆ. ಆ ಹಣದಲ್ಲಿ ಒಂದು ರೂಪಾಯಿಯೂ ಜೀಪಿನ ಅಂಕಣಕ್ಕೆ ಹೋಗಕೂಡದು. ಖರ್ಚು ಆಡುವವರದೇ ಇರಲಿ. ಹದಿನೈದು ಲಕ್ಷದ ಗಾಡಿ ಕೊಂಡವರಿಗೆ ಪ್ರವೇಶಶುಲ್ಕ ಭಾರವಾಗಲಾರದು, ಅದರ ಪಾಲು ಅಕ್ಕಪಕ್ಕದ ಗ್ರಾಮ ಪಂಚಾಯತಿಗೆ ಹೋಗಲಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹೊಸಪೇಟೆ, ಹಂಪಿ ಅತ್ತ ಸೇರಿದವು, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬಂಡೆಗಳಿಗೆ ಈ ಗಡಿ ಗೊತ್ತಿಲ್ಲವಾದ್ದರಿಂದ ಎರಡೂ ಜಿಲ್ಲಾಡಳಿತ ಒಂದೇ ನಿಯಮ ಮಾಡಬೇಕು. ಇಲ್ಲವಾದರೆ ಇಲ್ಲಿ ಅಟ್ಟಿಸಿಕೊಂಡವರು ಅಲ್ಲಿಗೆ ಹೋಗುತ್ತಾರೆ, ಅಷ್ಟೆ.

ಕಲಿಸುವವರನ್ನೂ ಹುಡುಕಬೇಕಾಗಿಲ್ಲ. 2011ರ ನಿಷೇಧದ ದಿನಗಳಲ್ಲಿ ಸಾಲದ ಟಿಪ್ಪರುಗಳನ್ನು ರಸ್ತೆಬದಿಗೆ ಸಾಲಾಗಿ ನಿಲ್ಲಿಸಿ ಕೂತ ಚಾಲಕರು, ಕ್ಲೀನರುಗಳು ಇದೇ ಊರುಗಳಲ್ಲಿದ್ದಾರೆ. ಭಾರದ ಗಾಡಿಯನ್ನು ಬ್ರೇಕು ಕಾಯಿಸದೆ ಗೇರಿನಲ್ಲೇ ಇಳಿಸುವುದು, ಕಲ್ಲು ಉರುಳುವ ಮೊದಲೇ ಸದ್ದು ಹಿಡಿಯುವುದು ಅವರಿಗೆ ಅನ್ನ ಕೊಟ್ಟ ವಿದ್ಯೆ. ಗೇಟಿನಲ್ಲಿ ಅವರನ್ನೇ ನಿಲ್ಲಿಸಲಿ. ಮೊದಲು ಗಾಡಿಯ ಕೆಳಗೆ ತೂರಿ ಎಣ್ಣೆ ಸೋರುತ್ತಿದೆಯೇ ನೋಡಲಿ. ಆಮೇಲೆ ಎಳೆಯುವ ಹಗ್ಗ, ಕೊಕ್ಕೆ. ಆಮೇಲೆ ಟೈರಿನ ಗಾಳಿ. ಮೂರರಲ್ಲಿ ಒಂದು ಸರಿಯಿಲ್ಲದಿದ್ದರೂ ಬೆಂಗಳೂರಿನಿಂದ ಬಂದ ಗಾಡಿಯನ್ನು ವಾಪಸ್ ಕಳಿಸುವ ಅಧಿಕಾರ ಅವರಿಗಿರಲಿ.